ಹಡಗು ಮೆಟ್ಟಿಲು ಹತ್ತುವ ಕಾಲುವೆ



ಹಡಗು ಗುಡ್ಡ ಹತ್ತುತ್ತದೆ ಅಂದರೆ ನೀವು ನಂಬುತ್ತೀರಾ? ನಮ್ಮ ಚಿಕ್ಕಪ್ಪ ಹೇಳಿದಾಗ ನಾನೂ ನಂಬಲಿಲ್ಲ. "ಎಂಥ ಸುಳ್ಳು ಹೇಳ್ತೀರಿ ಚಿಕ್ಕಪ್ಪ" ಎಂದು ನಕ್ಕುಬಿಟ್ಟೆ. ಆದರೆ ಅದು ಸುಳ್ಳಲ್ಲ. ಪನಾಮಾ ದೇಶದ ಕಾಲುವೆಯಲ್ಲಿ ಹಡಗುಗಳು ದಿನಾಲೂ ಸಮುದ್ರದಿಂದ 26 ಮೀಟರ್ ಮೇಲೆ ಹತ್ತಿ, ಮತ್ತೆ ಅಷ್ಟೇ ಕೆಳಗೆ ಇಳಿಯುತ್ತವೆ.

ಚಿಕ್ಕಪ್ಪ ಸರಕು ಹಡಗಿನಲ್ಲಿ ಫಿಟ್ಟರ್. ಐದು ಸಲ ಆ ಕಾಲುವೆ ದಾಟಿದ್ದಾರೆ. ಆದರೆ ಒಂದು ಸಲವೂ ನೋಡಿರಲಿಲ್ಲ! ಯಾಕೆಂದರೆ ದಾಟುವಾಗ ಅವರು ಕೆಳಗೆ ಎಂಜಿನ್ ಕೋಣೆಯಲ್ಲಿ ಇರಬೇಕು. ಅಲ್ಲಿ ಕಿಟಕಿ ಇಲ್ಲ. 2023ರಲ್ಲಿ ಕೆಲಸದ ಅವಧಿ ಮುಗಿದು ಪನಾಮಾದಲ್ಲೇ ಹಡಗಿನಿಂದ ಇಳಿದರು. ವಿಮಾನ ಮರುದಿನ ಇತ್ತು. ಆಗ ಟಿಕೆಟ್ ತೆಗೆದುಕೊಂಡು ಮಿರಾಫ್ಲೋರೆಸ್ ಎಂಬ ಜಾಗಕ್ಕೆ ಪ್ರವಾಸಿಗರ ಹಾಗೆ ಹೋಗಿ ನೋಡಿ ಬಂದರು. ಅವರು ಹೇಳಿದ್ದನ್ನು ಮತ್ತು ನಾನು ಓದಿದ್ದನ್ನು ಸೇರಿಸಿ ಇದನ್ನು ಬರೆದಿದ್ದೇನೆ.

ಮೊದಲು ಭೂಪಟ ನೋಡಿ. ಉತ್ತರ ಅಮೆರಿಕ ಮತ್ತು ದಕ್ಷಿಣ ಅಮೆರಿಕ ಸೇರುವಲ್ಲಿ ಸಣ್ಣ ಸೊಂಟದ ಹಾಗೆ ಒಂದು ಜಾಗ ಇದೆ. ಅದೇ ಪನಾಮಾ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಪೆಸಿಫಿಕ್. ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹಡಗು ಹೋಗಬೇಕಾದರೆ ಮೊದಲು ದಕ್ಷಿಣ ಅಮೆರಿಕವನ್ನೇ ಸುತ್ತಬೇಕಿತ್ತು. ಈಗ ಸುಮಾರು 80 ಕಿಲೋಮೀಟರಿನ ಈ ಕಾಲುವೆಯಿಂದ ಸುಮಾರು 13,000 ಕಿಲೋಮೀಟರ್ ಉಳಿಯುತ್ತದೆ.

ಫ್ರಾನ್ಸಿನವರು 1881ರಲ್ಲಿ ಇಲ್ಲಿ ಅಗೆಯಲು ಶುರು ಮಾಡಿದರು. ಅವರ ಮುಖಂಡ ಲೆಸೆಪ್ಸ್, ಸೂಯೆಜ್ ಕಾಲುವೆ ಮಾಡಿಸಿದವನು. ಸೂಯೆಜ್ ಸಮತಟ್ಟಾದ ಮರಳು, ಅಲ್ಲಿ ಮೆಟ್ಟಿಲು ಬೇಕಿಲ್ಲ. ಪನಾಮಾದಲ್ಲಿ ಗುಡ್ಡ, ಕಾಡು, ನಮ್ಮ ಹಾಗೆಯೇ ಜೋರು ಮಳೆ. ಅಲ್ಲೂ ಸಮುದ್ರ ಮಟ್ಟಕ್ಕೇ ಅಗೆಯಲು ಹೊರಟು 1889ರಲ್ಲಿ ಕಂಪನಿ ದಿವಾಳಿಯಾಯಿತು. ಹಳದಿ ಜ್ವರ, ಮಲೇರಿಯಾಗಳಿಂದ ಸುಮಾರು 22,000 ಜನ ಸತ್ತರು ಎಂದು ಅಂದಾಜು. ಜ್ವರ ಎಲ್ಲಿಂದ ಬರುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿದ್ದು 1897ರಲ್ಲಿ, ನಮ್ಮ ದೇಶದ ಸಿಕಂದರಾಬಾದಿನಲ್ಲಿ, ರೊನಾಲ್ಡ್ ರಾಸ್ ಎಂಬ ಡಾಕ್ಟರಿಗೆ. 1904ರಲ್ಲಿ ಅಮೆರಿಕದವರು ಕೆಲಸ ಹಿಡಿದಾಗ ಡಾಕ್ಟರ್ ಗೊರ್ಗಾಸ್ ಮೊದಲು ಸೊಳ್ಳೆಗಳ ಮೇಲೆ ಯುದ್ಧ ಮಾಡಿದರು. ನಿಂತ ನೀರು ಇರಲು ಬಿಡಲಿಲ್ಲ. ಆಮೇಲೇ ಕಾಲುವೆ ಮುಂದೆ ಹೋಯಿತು. ಅದು ತೆರೆದ ದಿನ 1914ರ ಆಗಸ್ಟ್ 15. ತಾರೀಖು ನೆನಪಿಡುವುದು ನಮಗೆ ಸುಲಭ!

ಅಮೆರಿಕದವರು ಗುಡ್ಡವನ್ನು ಪೂರ್ತಿ ಅಗೆಯಲಿಲ್ಲ. ಚಾಗ್ರೆಸ್ ಎಂಬ ನದಿಗೆ ಅಣೆಕಟ್ಟು ಕಟ್ಟಿ, ಮೇಲೆ ಗಟೂನ್ ಎಂಬ ದೊಡ್ಡ ಸರೋವರ ಮಾಡಿದರು. ಸಮುದ್ರದಿಂದ ಸರೋವರಕ್ಕೆ ಹತ್ತಲು ನೀರಿನ ಮೆಟ್ಟಿಲು ಕಟ್ಟಿದರು. ಅದಕ್ಕೆ ಲಾಕ್ ಅನ್ನುತ್ತಾರೆ. ಅಟ್ಲಾಂಟಿಕ್ ಕಡೆ ಗಟೂನಿನಲ್ಲಿ ಮೂರು ಮೆಟ್ಟಿಲು. ಪೆಸಿಫಿಕ್ ಕಡೆ ಪೆದ್ರೊ ಮಿಗೆಲ್‌ನಲ್ಲಿ ಒಂದು, ಮಿರಾಫ್ಲೋರೆಸ್‌ನಲ್ಲಿ ಎರಡು.

ಒಂದು ಮೆಟ್ಟಿಲು ಅಂದರೆ 305 ಮೀಟರ್ ಉದ್ದ, 33.5 ಮೀಟರ್ ಅಗಲದ ಸಿಮೆಂಟಿನ ತೊಟ್ಟಿ. ಎರಡೂ ತುದಿಗೆ ಬಾಗಿಲು. ಹಡಗು ಒಳಗೆ ಬಂದ ಮೇಲೆ ಬಾಗಿಲು ಹಾಕಿ, ಮೇಲಿನ ನೀರನ್ನು ಬಿಡುತ್ತಾರೆ. ಗೋಡೆಯೊಳಗಿನ ದೊಡ್ಡ ಸುರಂಗಗಳಿಂದ ಬಂದ ನೀರು ತೊಟ್ಟಿಯ ತಳದ ತೂತುಗಳಿಂದ ಉಕ್ಕುತ್ತದೆ. ನೀರು ಏರಿದ ಹಾಗೆ ಹಡಗೂ ಏರುತ್ತದೆ. ಎರಡೂ ಕಡೆ ನೀರು ಸಮ ಆದಾಗ ಮೇಲಿನ ಬಾಗಿಲು ತೆರೆಯುತ್ತಾರೆ. ನೀರು ಎತ್ತಲು ಪಂಪು ಇಲ್ಲವೇ ಇಲ್ಲ! ಮೇಲಿನ ನೀರು ಕೆಳಗೆ ಹರಿಯುತ್ತದೆ ಎಂಬ ಒಂದೇ ನಿಯಮ ಸಾಕು. ತೊಟ್ಟಿ ತುಂಬಲು ಸುಮಾರು 8 ನಿಮಿಷ.

ಇದು ತಲೆಗೆ ಹೋಗದೆ ನಾನು ಮತ್ತು ನನ್ನ ಗೆಳೆಯ ತೋಟದ ಹಳ್ಳದಲ್ಲಿ ಅಡಿಕೆ ದಬ್ಬೆ ಮತ್ತು ಹಾಳೆಯಿಂದ ಮಾಡಿ ನೋಡಿದೆವು. ತೆಂಗಿನ ಗೆರಟೆ ನಮ್ಮ ಹಡಗು. ಎರಡು ಹಾಳೆಯ ಬಾಗಿಲನ್ನು ಕೆಳಗಿನ ಕಡೆ ಮೂತಿ ಮಾಡಿ ಇಟ್ಟೆವು. ನೀರು ತಳ್ಳಿ ಎರಡೂ ತೆರೆದುಹೋದವು. ಮೂತಿಯನ್ನು ಮೇಲಿನ ನೀರಿನ ಕಡೆಗೆ ತಿರುಗಿಸಿದೆವು. ಆಗ ನೀರು ಒತ್ತಿದಷ್ಟೂ ಬಾಗಿಲು ಬಿಗಿಯಾಯಿತು. ಪನಾಮಾದಲ್ಲೂ ಬಾಗಿಲು ಹೀಗೆಯೇ ಇದೆ. ಮಿರಾಫ್ಲೋರೆಸ್‌ನ ಕೆಳಗಿನ ಬಾಗಿಲುಗಳು ಎಲ್ಲಕ್ಕಿಂತ ಎತ್ತರ, ಯಾಕೆಂದರೆ ಪೆಸಿಫಿಕ್ ಕಡೆ ಉಬ್ಬರ ಇಳಿತ ಬಹಳ.

ಮಿರಾಫ್ಲೋರೆಸ್‌ನಲ್ಲಿ ನೋಡುವವರಿಗೆಂದೇ ಮಹಡಿ ಕಟ್ಟಿದ್ದಾರೆ. ಬೆಳಿಗ್ಗೆ ಸಾಮಾನ್ಯವಾಗಿ ಪೆಸಿಫಿಕ್ ಕಡೆಯಿಂದ ಹಡಗುಗಳು ಹತ್ತುತ್ತವೆ, ಮಧ್ಯಾಹ್ನದ ಮೇಲೆ ಆ ಕಡೆಯವು ಇಳಿಯುತ್ತವೆ. ನಡುವೆ ಹೋದರೆ ಖಾಲಿ ತೊಟ್ಟಿ ನೋಡಿ ಬರಬೇಕು. ದೊಡ್ಡ ಹಡಗು ಬಂದರೆ ಗೋಡೆಗೂ ಹಡಗಿಗೂ ನಡುವೆ ಎರಡೇ ಅಡಿ ಜಾಗ. ಗೋಡೆಗೆ ತಾಗದಂತೆ ಹಗ್ಗ ಕಟ್ಟಿ ಹಿಡಿದುಕೊಳ್ಳಲು ಹಳಿಯ ಮೇಲೆ ವಿದ್ಯುತ್ ಎಂಜಿನ್‌ಗಳಿವೆ. ಅವಕ್ಕೆ ಅಲ್ಲಿನವರು ಹೇಸರಗತ್ತೆ ಎಂದು ಹೆಸರಿಟ್ಟಿದ್ದಾರೆ.

1928ರಲ್ಲಿ ಹ್ಯಾಲಿಬರ್ಟನ್ ಎಂಬವನು ಈಜಿಯೇ ಕಾಲುವೆ ದಾಟಿದ. ಅವನಿಗೂ ಸುಂಕ ಬಿತ್ತು, 36 ಸೆಂಟ್!

ಚಿಕ್ಕಪ್ಪ ಮಹಡಿಯಲ್ಲಿ ನಿಂತಾಗ ಒಂದು ಸರಕು ಹಡಗು ಇಳಿಯುತ್ತಿತ್ತು. ಸುತ್ತಲಿನ ಜನ ಡೆಕ್ಕಿನ ಮೇಲಿದ್ದವರಿಗೆ ಕೈ ಬೀಸಿದರು. "ನಾನು ಮಾತ್ರ ಕೆಳಗೆ ಕಾಣದೆ ಇರುವ ಫಿಟ್ಟರಿಗೆ ಕೈ ಬೀಸಿದೆ" ಎಂದರು ಚಿಕ್ಕಪ್ಪ.

ಆದರೆ ಆ ವರ್ಷ ಅವರು ಚೌತಿಗೆ ಬರುತ್ತೇನೆ ಎಂದವರು ಚೌತಿ ಕಳೆದ ಮೇಲೆ ಬಂದರು. ಅಜ್ಜಿ ದಿನಾ ದಾರಿ ನೋಡಿದರು. ಕಾರಣ ಕಾಲುವೆಯೇ. ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. 2023ರಲ್ಲಿ ಪನಾಮಾದಲ್ಲಿ ಮಳೆ ಕೈಕೊಟ್ಟಿತು, ಸರೋವರ ಇಳಿಯಿತು. ದಿನಕ್ಕೆ 36ರಷ್ಟು ದಾಟುತ್ತಿದ್ದ ಹಡಗುಗಳನ್ನು ಕಡಿಮೆ ಮಾಡುತ್ತ, 2024ರ ಜನವರಿಯಲ್ಲಿ 24ಕ್ಕೆ ಇಳಿಸಿದರು. 2023ರ ಆಗಸ್ಟಿನಲ್ಲಿ 160ಕ್ಕೂ ಹೆಚ್ಚು ಹಡಗುಗಳು ಕಾದು ನಿಂತಿದ್ದವು. ಅದರಲ್ಲಿ ಚಿಕ್ಕಪ್ಪನದೂ ಒಂದು. ನಮ್ಮ ಮನೆಯ ಚೌತಿಗೂ ಪನಾಮಾದ ಮಳೆಗೂ ಸಂಬಂಧ ಇದೆ ಎಂದು ನನಗೆ ಆಗ ಗೊತ್ತಾಯಿತು.

2016ರಲ್ಲಿ ತೆರೆದ ಹೊಸ ದೊಡ್ಡ ಲಾಕ್‌ಗಳಲ್ಲಿ ಪಕ್ಕದ ಕೊಳಗಳಿಗೆ ನೀರು ಇಳಿಸಿಕೊಂಡು 60 ಭಾಗವನ್ನು ಮತ್ತೆ ಬಳಸುತ್ತಾರೆ. ಆದರೂ ಸಾಲದು. ಆ ಸರೋವರದ ನೀರನ್ನೇ ಪನಾಮಾ ನಗರದವರು ಕುಡಿಯಬೇಕು. ಅದಕ್ಕೆ ಇಂಡಿಯೊ ಎಂಬ ನದಿಗೆ ಇನ್ನೊಂದು ಅಣೆಕಟ್ಟಿನ ಯೋಜನೆ ಹಾಕಿದ್ದಾರೆ. ಅದರಿಂದ ಸುಮಾರು 2,000 ಜನ ಮನೆ ಬಿಡಬೇಕಾಗುತ್ತದೆ. 2025ರಲ್ಲಿ ಅಲ್ಲಿನ ರೈತರು ಬೇಡ ಎಂದು ಪ್ರತಿಭಟನೆ ಮಾಡಿದರು.

ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಅಜ್ಜಿಯ ತವರು ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿತು. ಹಡಗು ಹತ್ತುವ ಕಥೆಗೆ ಅಜ್ಜಿ ನಗಲಿಲ್ಲ. "ಆ ಮೊದಲನೇ ಕೆರೆ ಕೆಳಗೆ ಯಾರ ಮನೆ ಇತ್ತಾ?" ಎಂದು ಕೇಳಿದರು. ಹುಡುಕಿ ಓದಿದೆ. ಗಟೂನ್ ಸರೋವರದಲ್ಲೂ ಊರುಗಳು ಮುಳುಗಿವೆ, ಜನರನ್ನು ಎಬ್ಬಿಸಿ ಕಳಿಸಿದ್ದಾರೆ. ಅಜ್ಜಿಗೆ ಹೇಳಿದೆ. "ಹೌದಾ, ಅಲ್ಲೂ ಹಾಗೇ" ಎಂದು ಸುಮ್ಮನಾದರು.

ನಮ್ಮ ಹಾಳೆಯ ಲಾಕ್ ಇನ್ನೂ ಹಳ್ಳದಲ್ಲಿದೆ. ನೋಡಬೇಕೆಂದವರು ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ. ಗೆರಟೆ ನೀವೇ ತನ್ನಿ. ಬೇಸಿಗೆಯಲ್ಲಿ ಬಂದರೆ ಏನೂ ಕಾಣುವುದಿಲ್ಲ, ನೀರಿಲ್ಲದಿದ್ದರೆ ನಮ್ಮ ಹಡಗೂ ಹತ್ತುವುದಿಲ್ಲ. ತಪ್ಪಿದ್ದರೆ ಗುರುಗಳು ತಿದ್ದಬೇಕು.

— 9ನೇ ತರಗತಿಯ ವಿದ್ಯಾರ್ಥಿ