ಅಜ್ಜಿಯ ಕೋಣೆಗೆ ಹೋಗುವವರು ಯಾರು?

ಮನೆಯಲ್ಲಿ ಹುಡುಗನೊಬ್ಬನೇ. ಅಣ್ಣನ ಕಾಲು ಮುರಿದಿದೆಯೆಂದು ತಾಯಿ ಆಸ್ಪತ್ರೆಗೆ ಓಡಿದ್ದಾಳೆ. ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ. ಅವಳಿಗೆ ಎಚ್ಚರವಾದರೆ ಚಹಾ ಕೊಡಬೇಕು. ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ 1984ರಲ್ಲಿ ಪ್ರಕಟಿಸಿದ ‘ಗ್ರ್ಯಾಮಾ’ ಕಥೆ ಶುರುವಾಗುವುದು ಹೀಗೆ. ಮರಾಠಿ ಓದುಗರಿಗೆ ಭಯಕಥೆಯ ರುಚಿ ಹತ್ತಿಸಿದ ನಾರಾಯಣ ಧಾರಪ (1925–2008) ಅದನ್ನೇ ಮರಾಠಿ ಮನೆಯೊಳಕ್ಕೆ ತಂದು ‘ಆಜಿ’ ಎಂದು ಬರೆದರು.

ಆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1993ರಲ್ಲಿ, ನಮ್ಮ ನಾಗಪುರದಿಂದ ನೂರು ಕಿಲೋಮೀಟರಿಗೂ ಆಚೆ ಇರುವ ನಾಗಝಿರಾ ಕಾಡಿನಲ್ಲಿ, ಗೆಳೆಯನೊಬ್ಬ ಅದನ್ನು ರಾಹಿ ಅನಿಲ್ ಬರ್ವೆ ಎಂಬ ಹುಡುಗನಿಗೆ ಹೇಳಿದ. ಹುಡುಗ ನಡುಗಿಹೋದ. ಆ ನಡುಕ ಕಾಲು ಶತಮಾನ ಅವನೊಳಗೇ ಕೂತು, 2018ರ ಅಕ್ಟೋಬರ್‌ನಲ್ಲಿ ‘ತುಂಬಾಡ್’ ಚಿತ್ರವಾಗಿ ಹೊರಬಂತು. ಅದರ ಮೊದಲ ಭಾಗ ನೋಡಿದವರಿಗೆ ನೆನಪಿರುತ್ತದೆ: ಸುರಿಯುವ ಮಳೆ, ಪೆಟ್ಟಾದ ತಮ್ಮನನ್ನು ಎತ್ತಿಕೊಂಡು ಹೊರಟ ತಾಯಿ, ಸರಪಳಿ ಬಿಗಿದ ಅಜ್ಜಿ, ಅವಳಿಗೆ ಉಣಿಸಬೇಕಾದ ಪುಟ್ಟ ಹುಡುಗ. ಅಮೆರಿಕದ ಅಜ್ಜಿ ಕೊಂಕಣದ ಹಳೇ ಮನೆಗೆ ಬಂದು ಕೂತಿದ್ದಾಳೆ.

ಪುಸ್ತಕದಿಂದ ಪುಸ್ತಕಕ್ಕೆ, ಬಾಯಿಂದ ಕಿವಿಗೆ, ಕಿವಿಯಿಂದ ತೆರೆಗೆ ಇಷ್ಟು ದೂರ ನಡೆದರೂ ಕಥೆ ಏಕೆ ಸವೆಯಲಿಲ್ಲ? ಭಯವನ್ನು ಅದು ಭೂತಕ್ಕಿಂತ ಹೆಚ್ಚಾಗಿ ಮನೆಗೆಲಸಕ್ಕೆ ಗಂಟು ಹಾಕಿದೆ ಎಂಬುದು ನನ್ನ ಉತ್ತರ. ಸ್ಮಶಾನಕ್ಕೆ ಹೋಗದೆ ಇರಬಹುದು, ಪಾಳುಬಂಗಲೆಯ ಬಾಗಿಲು ತಟ್ಟದೆ ಇರಬಹುದು. ಆದರೆ ಅಜ್ಜಿಗೆ ಊಟ ಒಯ್ಯುವುದಿಲ್ಲ ಎಂದು ಹೇಳಲು ಯಾವ ಮಗುವಿಗೆ ಬಾಯಿ ಬರುತ್ತದೆ? ಪ್ರೀತಿಸಬೇಕಾದವರಿಗೆ ಹೆದರುವ ಆ ಸಂಕಟದಲ್ಲಿ ಅಪರಾಧಿ ಭಾವವೂ ಸೇರಿಕೊಳ್ಳುತ್ತದೆ. ಪುಸ್ತಕ ಮುಚ್ಚಿದ ಮೇಲೂ ಕಾಡುವುದು ಅದು.

ಕನ್ನಡದಲ್ಲಿ ಹೀಗೆ ಕಾಡಿದ ಕಾದಂಬರಿ ಯಾವುದೆಂದು ಐವತ್ತು ದಾಟಿದ ಯಾವ ಓದುಗರನ್ನಾದರೂ ಕೇಳಿ. ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸೀದಳ’ ಎಂಬ ಹೆಸರು ತಾನಾಗಿ ಬರುತ್ತದೆ. ಎಂಬತ್ತರ ದಶಕದಲ್ಲಿ ಅದನ್ನು ಕನ್ನಡದಲ್ಲಿ ಓದಿ ರಾತ್ರಿ ದೀಪ ಆರಿಸದೆ ಮಲಗಿದವರು ಎಷ್ಟೋ ಮಂದಿ. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನು ಸಿನಿಮಾ ಮಾಡಿದರು. ಇಲ್ಲಿಯೂ ಮನೆಯೇ, ಮಗುವೇ. ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ‘ಕಾಷ್ಮೋರ’ ಎಂಬ ಮಾಟದ ಪ್ರಯೋಗವಾಗಿದೆ. ದಿನಗಳು ಉರುಳಿದಂತೆ ಮಗು ಕುಸಿಯುತ್ತದೆ. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಂತ್ರವಾದಿಗಳು. ಕಾಯಿಲೆಯ ಮಗುವಿನ ಪಕ್ಕ ಒಂದು ರಾತ್ರಿಯಾದರೂ ಕೂತವರಿಗೆ ಈ ಭಯ ಎಲ್ಲಿ ತಟ್ಟುತ್ತದೆಂದು ವಿವರಿಸಬೇಕಿಲ್ಲ. ಮುಂದೇನು ಎಂಬ ಕಾತರವನ್ನು ಪುಟದಿಂದ ಪುಟಕ್ಕೆ ಹೆಚ್ಚಿಸುವುದರಲ್ಲಿ ಯಂಡಮೂರಿಯವರದು ಪಳಗಿದ ಕೈ.

ಆದರೆ ಎರಡರ ನಡುವೆ ಒಂದು ವ್ಯತ್ಯಾಸವಿದೆ, ಅದು ನನ್ನನ್ನು ಕಲಕುತ್ತದೆ. ಧಾರಪರ ಕಥೆ ಉಳಿಸಿಹೋಗುವ ಭಯ ಒಂದು ಕತ್ತಲೆ ಕೋಣೆಯದು. ‘ತುಳಸೀದಳ’ ಉಳಿಸುವ ಭಯಕ್ಕೆ ಮನುಷ್ಯನ ಮುಖವಿದೆ. ನಮ್ಮ ಮಗುವಿಗೆ ಯಾರೋ ಮಾಡಿಸಿದ್ದಾರೆ, ಹಾಗಾದರೆ ಯಾರು? ಪಕ್ಕದ ಮನೆಯವಳೇ? ಆಸ್ತಿಗೆ ಜಗಳವಾಡಿದ ದಾಯಾದಿಯೇ? ಕಾದಂಬರಿ ಮೂಢನಂಬಿಕೆಗೆ ನೀರೆರೆಯುತ್ತದೆ ಎಂಬ ಟೀಕೆ ಬಂದದ್ದು ಸುಮ್ಮನೆ ಅಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೀದರ್–ಕಲಬುರ್ಗಿ ಸೀಮೆಯಲ್ಲಿ ಭಾನಾಮತಿ ಎಂಬ ಮಾಟದ ಹೆಸರಿನಲ್ಲಿ ಮನೆಮನೆಗಳು ಬೆದರಿದ್ದವು. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅದನ್ನು ಅಧ್ಯಯನ ಮಾಡಿ, ಮಾಟವೆಂದು ಜನ ಹೆದರಿದ್ದರ ಹಿಂದಿನ ಮನಸ್ಸಿನ ನೋವನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದರು. ಆ ಭಯದಲ್ಲಿ ಮಾಟಗಾತಿ ಎನಿಸಿಕೊಂಡು ಏಟು ತಿಂದವರು ಕಾದಂಬರಿಯ ಪಾತ್ರಗಳಲ್ಲ.

ಆ ಭಯ ಇಂದಿಗೂ ಹೋಗಿಲ್ಲ. ನಮ್ಮ ನಾಗಪುರದ ರಾಮದಾಸಪೇಠ್‌ನಲ್ಲಿ ಹೆಜ್ಜೆಗೊಂದು ಆಸ್ಪತ್ರೆ. ಗಡಚಿರೋಲಿ, ಚಂದ್ರಪುರದಿಂದ, ಗಡಿಯಾಚೆಯ ಛತ್ತೀಸಗಢದಿಂದ ರೋಗಿಗಳು ಬರುತ್ತಾರೆ. ಸ್ಕ್ಯಾನ್ ಕೋಣೆಯ ಎದುರು ಸರದಿ ಕಾಯುತ್ತ ಕೂತ ಮಕ್ಕಳ ಮುಂಗೈ ನೋಡಿ: ಸಲೈನ್ ಸೂಜಿಗೆ ಅಂಟಿಸಿದ ಬಿಳಿ ಪಟ್ಟಿ, ಅದರ ಕೆಳಗೇ ಗಂಟು ಹಾಕಿದ ಕಪ್ಪು ದಾರ. ಮಗು ಉಳಿಯಲಿ ಎಂದು ತಾಯಿ ಎರಡನ್ನೂ ಹಿಡಿದಿದ್ದಾಳೆ. ಅವಳನ್ನು ಹೀಯಾಳಿಸುವ ಮನಸ್ಸು ನನಗಿಲ್ಲ. ಆ ದಾರ ಕಟ್ಟಿ, ಇಂಥವಳೇ ಮಾಡಿಸಿದ್ದು ಎಂದು ಬೆರಳು ತೋರಿಸಿ ಕಾಸು ಎಣಿಸಿಕೊಂಡವನ ಮೇಲೆ ಮಾತ್ರ ಕೋಪ ಬರುತ್ತದೆ.

ಅಂಥವನನ್ನು ಹಿಡಿಯುವ ಕಾನೂನು ಅಂಗೀಕಾರವಾದದ್ದು ಈ ಊರಿನಲ್ಲೇ. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಡಾ. ನರೇಂದ್ರ ದಾಭೋಲಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅದೇ ಡಿಸೆಂಬರ್‌ನಲ್ಲಿ, ನಾಗಪುರದ ಚಳಿಗಾಲದ ಅಧಿವೇಶನದಲ್ಲಿ, ಮಹಾರಾಷ್ಟ್ರದ ಶಾಸಕರು ಮಾಟಮಂತ್ರ ವಿರೋಧಿ ಮಸೂದೆಗೆ ಒಪ್ಪಿಗೆ ಕೊಟ್ಟರು. ಕರ್ನಾಟಕದ ಕಾನೂನು 2017ರದು.

‘ತುಳಸೀದಳ’ವನ್ನು ಕಪಾಟಿನಿಂದ ತೆಗೆದುಹಾಕಿ ಎಂದು ಯಾರಿಗೂ ಹೇಳಲಾರೆ. ಮೈ ಜುಮ್ಮೆನ್ನಿಸುವ ಓದಿನ ಸುಖ ದೊಡ್ಡದು, ಅದು ಮಕ್ಕಳಿಗೂ ಸಿಗಲಿ. ಆದರೆ ಹದಿಹರೆಯದ ಮಗಳು ಅದನ್ನು ಓದಿ ಮುಗಿಸಿದ ದಿನ, ತುಳಸಿಯ ಪಾಡಿನ ಜೊತೆಗೆ ಭಾನಾಮತಿಯ ಹೆಸರಿನಲ್ಲಿ ಊರು ಬಿಟ್ಟ ಹೆಂಗಸರ ಕಥೆಯನ್ನೂ ಅವಳಿಗೆ ಹೇಳಿ.