ಲೆಕ್ಕದ ಪುಸ್ತಕದಲ್ಲಿ ಇಲ್ಲದ ಹೆಸರು

ಊರಿನ ಕಂದಾಯದ ಲೆಕ್ಕ. ಯಾವ ಹೊಲ ಯಾರ ಖಾತೆಯಲ್ಲಿದೆ, ಯಾರು ಎಷ್ಟು ಕಟ್ಟಿದ್ದಾರೆ, ಯಾರ ಬಾಕಿ ಎಷ್ಟು ಎಂದು ಸಾಲು ಸಾಲಾಗಿ, ಅಚ್ಚುಕಟ್ಟಾಗಿ ಬರೆದಿದೆ. ಕೆಳಗೆ ಶಾನುಭೋಗರ ರುಜು. ಬರವಣಿಗೆ ಮಾತ್ರ ಅವರ ಹೆಂಡತಿಯದು. ಒಲೆಯ ಮೇಲೆ ಹಿಟ್ಟಿಗೆ ಎಸರಿಟ್ಟು, ಮಕ್ಕಳನ್ನು ಮಲಗಿಸಿ, ದೀಪದ ಬೆಳಕಿನಲ್ಲಿ ಗೆರೆ ಎಳೆದು ಲೆಕ್ಕ ಬರೆಯುವ ಹೆಂಗಸು ಆಕೆ. ಸರ್ಕಾರದ ಮಟ್ಟಿಗೆ ಅಂಥ ಹೆಂಗಸೊಬ್ಬಳು ಇರಲೇ ಇಲ್ಲ!

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಈ ಹೆಂಗಸು ಯಾರೆಂದು ಹೇಳಬೇಕಾಗಿಲ್ಲ. ಆಕೆ ನಂಜಮ್ಮ. 1970ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಆಕೆಯ ಸಂಸಾರದ ಕಥೆಯಿದೆ. ಆ ನಂಜಮ್ಮನ ಹಿಂದೆ ಇನ್ನೊಬ್ಬ ತಾಯಿ ನಿಂತಿದ್ದಾರೆ. ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಗೌರಮ್ಮನವರು, ಭೈರಪ್ಪನವರ ಹೆತ್ತಮ್ಮ. ಕಾದಂಬರಿ ಎಂದ ಮೇಲೆ ಅದರಲ್ಲಿರುವುದೆಲ್ಲ ನಡೆದದ್ದೇ ಎಂದು ಓದಬಾರದು, ನಿಜ. ಆದರೆ ಜೊತೆಗೆ ಅವರ ಆತ್ಮಕಥೆ ‘ಭಿತ್ತಿ’ಯನ್ನೂ ಇಟ್ಟುಕೊಂಡು ಓದಿದರೆ, ಮಗನೊಬ್ಬ ತಾಯಿಗೆ ಸಲ್ಲಿಸಿದ ಋಣಸಂದಾಯ ಇದು ಎನ್ನುವುದು ತಾನಾಗಿ ತಿಳಿಯುತ್ತದೆ.

ತಾಯಿಯ ಮೇಲೆ ಬರೆಯುವಾಗ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ಶಾಲೆಯ ಪ್ರಬಂಧದಿಂದ ಹಿಡಿದು ಸಭೆಯ ಭಾಷಣದವರೆಗೆ ತಾಯಿ ಎಂದರೆ ತ್ಯಾಗಮೂರ್ತಿ, ಕರುಣೆಯ ಕಡಲು, ಕ್ಷಮಯಾಧರಿತ್ರಿ. ಇಷ್ಟು ಹೇಳಿ ಕೈಮುಗಿದುಬಿಟ್ಟರೆ ನಮ್ಮ ಕೆಲಸ ಮುಗಿಯಿತು. ಆಕೆ ದಿನವಿಡೀ ಏನು ಮಾಡುತ್ತಿದ್ದಳು, ಯಾರ ಮಾತನ್ನು ಕೇಳಲಿಲ್ಲ, ಯಾವುದಕ್ಕೆ ಹಟ ಹಿಡಿದಳು ಎಂದು ಕೇಳುವವರು ಕಡಿಮೆ. ಭೈರಪ್ಪನವರು ಕೇಳಿಕೊಂಡದ್ದು ಈ ಪ್ರಶ್ನೆಗಳನ್ನೇ.

ನಂಜಮ್ಮ ಸೇರಿದ ಮನೆ ಎಂಥದು? ಬಾಯಿ ತೆರೆದರೆ ಬೈಗುಳ ಸುರಿಸುವ ಅತ್ತೆ ಗಂಗಮ್ಮ. ಹೊಟ್ಟೆ ತುಂಬಿದರೆ ಸಾಕು, ಹೆಂಡತಿ ಮಕ್ಕಳು ಉಂಡರೋ ಇಲ್ಲವೋ ಎಂಬ ಗೊಡವೆಯಿಲ್ಲದ ಗಂಡ ಚೆನ್ನಿಗರಾಯ. ವಂಶದಿಂದ ಬಂದ ಶಾನುಭೋಗಿಕೆ ಆತನದು; ಲೆಕ್ಕ ಬರೆಯಲು ಮಾತ್ರ ಬಾರದು. ಇದ್ದ ಜಮೀನು ಸಾಲಕ್ಕೆ ಹೋಗುತ್ತದೆ. ಇಂಥ ಕಡೆ ಹೆಣ್ಣುಮಗಳಿಗೆ ಕಾಣುವುದು ಎರಡೇ ದಾರಿ, ತವರಿಗೆ ಹೋಗುವುದು ಅಥವಾ ಕೆರೆಗೆ ಬೀಳುವುದು. ನಂಜಮ್ಮ ಮೂರನೆಯದನ್ನು ಹುಡುಕಿಕೊಂಡಳು. ತಾನೇ ಲೆಕ್ಕ ಬರೆಯುವುದನ್ನು ಕಲಿತಳು.

ಈಗಿನ ಮಕ್ಕಳಿಗೆ ಶಾನುಭೋಗಿಕೆ ಎಂದರೆ ತಿಳಿಯದಿರಬಹುದು. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಜಮೀನು, ಕಂದಾಯಗಳ ದಾಖಲೆ ಇಡುತ್ತಿದ್ದವರು ಶಾನುಭೋಗರು. ತಂದೆಯಿಂದ ಮಗನಿಗೆ ಬರುತ್ತಿದ್ದ ಹುದ್ದೆ ಅದು. ಅದಕ್ಕೆ ಸರ್ಕಾರದಿಂದ ಬರುತ್ತಿದ್ದ ಸಂಭಾವನೆಗೆ ಪೋಟಿಗೆ ಎಂದು ಹೆಸರು. ಇಂಥ ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾನೂನು ಬಂದದ್ದು 1961ರಲ್ಲಿ. ಹೆಣ್ಣು ಆ ಲೆಕ್ಕ ಬರೆಯಬಹುದು ಎಂದು ನಂಜಮ್ಮನ ಕಾಲದಲ್ಲಿ ಯಾರೂ ಎಣಿಸಿರಲಿಲ್ಲ. ಬರೆದವಳು ಹೆಂಡತಿ, ಪೋಟಿಗೆ ಎಣಿಸಿಕೊಳ್ಳುವವನು ಗಂಡ. ಆ ದುಡ್ಡು ಮನೆ ಸೇರುವ ಮೊದಲೇ ಹೋಟೆಲಿನ ತಿಂಡಿಗೆ ಕರಗಿಹೋದರೆ ಕೇಳುವವರು ಯಾರು?

ಹಾಗೆಂದು ಆಕೆ ಕೈಕಟ್ಟಿ ಕೂರಲಿಲ್ಲ. ಮುತ್ತುಗದ ಎಲೆ ತಂದು, ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿ ಮಾರಿದಳು. ಎಲೆ ಹಚ್ಚುವುದು ಬೆನ್ನು ಮುರಿಯುವ ಕೆಲಸ. ನೂರು ಎಲೆಗೆ ಸಿಗುವುದು ಪುಡಿಗಾಸು. ಆ ಪುಡಿಗಾಸಿಗೆ ಒಂದು ಗುಣವಿತ್ತು. ಅದು ಆಕೆಯ ಕೈಗೇ ಬರುತ್ತಿತ್ತು. ರಾಗಿ ಕೊಳ್ಳುವುದಾಗಲಿ, ಮಕ್ಕಳಿಗೆ ಪುಸ್ತಕ ತರುವುದಾಗಲಿ ಇನ್ನೊಬ್ಬರ ಮುಖ ನೋಡಬೇಕಾಗಿರಲಿಲ್ಲ. ಸ್ವಾವಲಂಬನೆ ಎಂದು ನಾವು ಈಗ ದೊಡ್ಡ ಮಾತಿನಲ್ಲಿ ಹೇಳುವುದು ಆಕೆಗೆ ಸೆರಗಿನ ಗಂಟಿನಲ್ಲಿದ್ದ ನಾಲ್ಕು ಕಾಸು.

ಮಕ್ಕಳು ಓದಬೇಕು ಎಂಬುದು ಆಕೆಯ ಇನ್ನೊಂದು ಹಟ. ಅಕ್ಷರ ಬಂದದ್ದರಿಂದಲೇ ತನಗೆ ಬದುಕುವ ದಾರಿ ಸಿಕ್ಕಿತು ಎನ್ನುವುದನ್ನು ಆಕೆ ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ಆದರೆ ಹಟಕ್ಕೂ ಬಗ್ಗದ ಒಂದು ಶತ್ರು ಆ ಕಾಲದಲ್ಲಿತ್ತು. ಪ್ಲೇಗು! ಮನೆಯಲ್ಲಿ ಇಲಿ ಬಿತ್ತೆಂದರೆ ಇಡೀ ಊರೇ ಮನೆಗಳಿಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ದಿನ ನೂಕುತ್ತಿತ್ತು. ಕಾದಂಬರಿಯಲ್ಲಿ ನಂಜಮ್ಮನ ಇಬ್ಬರು ದೊಡ್ಡ ಮಕ್ಕಳನ್ನು ಅದೇ ಕೊಂಡೊಯ್ಯುತ್ತದೆ. ಕೊನೆಗೆ ಆಕೆಯನ್ನೂ ಬಿಡುವುದಿಲ್ಲ. ಉಳಿಯುವವನು ಚಿಕ್ಕ ಮಗ ವಿಶ್ವ. ಬಾಳಿನಲ್ಲೂ ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡರು.

ತಾಯಿ ಹೋದ ಮೇಲೆ ಆ ಹುಡುಗನಿಗೆ ಉಳಿದದ್ದೇನು? ಆಸ್ತಿಯಿಲ್ಲ, ಆಸರೆಯಿಲ್ಲ. ಸಿಕ್ಕಿದ ಕೆಲಸ ಮಾಡುತ್ತಾ ಓದಿದರು. ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿಯಾಗಿ ಹೊರೆ ಹೊತ್ತರು. ಮರಳಿ ಬಂದು ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ ಎಂ.ಎ. ಪಡೆದರು, ಅಧ್ಯಾಪಕರಾದರು, ಬರೋಡದಲ್ಲಿ ಡಾಕ್ಟರೇಟ್ ಪಡೆದರು. ‘ದಾಟು’ ಕಾದಂಬರಿಗೆ 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ‘ಮಂದ್ರ’ಕ್ಕೆ 2010ರ ಸರಸ್ವತಿ ಸಮ್ಮಾನ್, 2023ರಲ್ಲಿ ಪದ್ಮಭೂಷಣ ಬಂದವು. 2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡಾಗ ಕನ್ನಡ ನಾಡು ತನ್ನ ದೊಡ್ಡ ಕಾದಂಬರಿಕಾರನನ್ನು ಕಳೆದುಕೊಂಡಿತು. ಓದಲೇಬೇಕೆಂಬ ಆ ಹಟ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲುವುದು ಸಂತೇಶಿವರದ ಆ ಮನೆಯ ಮುಂದೆಯೇ.

‘ಗೃಹಭಂಗ’ದಲ್ಲಿ ಮೆಚ್ಚಬೇಕಾದ ಇನ್ನೊಂದು ಅಂಶವಿದೆ. ಮಗ ತಾಯಿಯನ್ನು ದೇವರ ಪೀಠದ ಮೇಲೆ ಕೂರಿಸಿಲ್ಲ. ಆಕೆ ಸಿಟ್ಟಾಗುತ್ತಾಳೆ, ಎದುರಾಡುತ್ತಾಳೆ, ಸೋತು ಅಳುತ್ತಾಳೆ, ಮರುದಿನ ಎದ್ದು ಮತ್ತೆ ಎಲೆ ಹಚ್ಚುತ್ತಾಳೆ. ಪೂಜೆ ಮಾಡಿಬಿಟ್ಟಿದ್ದರೆ ನಾವು ದೂರದಿಂದ ಕೈಮುಗಿದು ಮುಂದೆ ಹೋಗುತ್ತಿದ್ದೆವು. ಇದ್ದಂತೆ ತೋರಿಸಿದ್ದರಿಂದ ಎಷ್ಟೋ ಮನೆಗಳಲ್ಲಿ ಓದುಗರು, ‘ನಮ್ಮ ಅಜ್ಜಿಯೂ ಹೀಗೇ ಇದ್ದಳಲ್ಲ’ ಎಂದು ಪುಸ್ತಕ ಮಡಚಿಟ್ಟು ಕಣ್ಣೊರೆಸಿಕೊಂಡರು.

ಲೆಕ್ಕದ ಪುಸ್ತಕದಲ್ಲಿ ರುಜು ಹಾಕುವ ಹಕ್ಕು ನಂಜಮ್ಮನಿಗೆ ಇರಲಿಲ್ಲ. ಆಕೆಯ ಹೆಸರನ್ನು ಮಗ ಇನ್ನೊಂದು ಪುಸ್ತಕದಲ್ಲಿ ಬರೆದರು. ಸಂತೇಶಿವರದಲ್ಲಿ ಇಂದು ಗೌರಮ್ಮನವರ ಹೆಸರಿನಲ್ಲಿ ಒಂದು ಟ್ರಸ್ಟ್ ಕೂಡ ಇದೆ.

ವಿದ್ಯಾರ್ಥಿ ಮಿತ್ರರೇ, ತಾಯಿಯ ಮೇಲೆ ಪ್ರಬಂಧ ಬರೆಯುವ ಪ್ರಸಂಗ ಬಂದರೆ ‘ತ್ಯಾಗಮಯಿ’ ಎಂಬ ಪದವನ್ನು ಸ್ವಲ್ಪ ಬದಿಗಿಡಿ. ಅಮ್ಮನ ಹತ್ತಿರ ಕುಳಿತು, ‘ನೀನು ಯಾವುದಕ್ಕೆ ಹಟ ಮಾಡಿದ್ದೆ? ನಿನ್ನ ಓದು ಎಲ್ಲಿಗೆ ನಿಂತಿತು? ಈ ಮನೆಯ ಲೆಕ್ಕ ಯಾರು ಬರೆದರು?’ ಎಂದು ಕೇಳಿ. ತಂದೆ ತಾಯಂದಿರೇ, ಮಕ್ಕಳು ಕೇಳಿದರೆ ‘ಅದೆಲ್ಲ ಈಗ ಯಾಕೆ’ ಎಂದು ಮಾತು ಹಾರಿಸಬೇಡಿ. ಗೌರಮ್ಮನವರಿಗೆ ಮಗನ ಬರಹ ಓದುವ ಭಾಗ್ಯ ಸಿಗಲಿಲ್ಲ. ನಿಮಗೆ ಇನ್ನೂ ಹೊತ್ತಿದೆ.