ಕದ್ರಿಯಿಂದ ಸುಲ್ತಾನ್ ಬತ್ತೇರಿಯವರೆಗೆ

ಪಣಂಬೂರು ಕಡಲತೀರ, ಒಂದೆರಡು ದೇವಸ್ಥಾನ, ಮೀನೂಟ, ಕೊನೆಗೊಂದು ಐಸ್‌ಕ್ರೀಮು. ಮಂಗಳೂರಿಗೆ ಬಂದವರ ತಿರುಗಾಟ ಹೆಚ್ಚಾಗಿ ಇಷ್ಟಕ್ಕೇ ಮುಗಿಯುತ್ತದೆ. ಹೊರಗಿನಿಂದ ಬಂದದ್ದನ್ನು ತನ್ನದಾಗಿಸಿಕೊಳ್ಳುತ್ತಲೇ ಬೆಳೆದ ಈ ಬಂದರು ಊರಿನ ಕಥೆ ಯಾವುದೋ ಒಂದು ಕಟ್ಟಡದೊಳಗೆ ಸಿಗುವಂಥದ್ದಲ್ಲ. ಅದನ್ನು ಊರಿಡೀ ಸುತ್ತಿ ನೋಡಬೇಕು.

ಸುತ್ತಾಟ ಶುರು ಮಾಡಲು ಕದ್ರಿಯೇ ಸರಿ. ಮಂಜುನಾಥನ ದೇವಾಲಯದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಮೂರು ಮುಖ, ಆರು ಕೈ, ಕುಳಿತ ಭಂಗಿ, ಸುಮಾರು ಐದಡಿ ಎತ್ತರ. ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಇದನ್ನು ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ, ಕಾಲ ಕ್ರಿ.ಶ. 968. ಪ್ರತಿಷ್ಠಾಪಿಸಿದವನು ಶಿವಭಕ್ತ, ಲೋಕೇಶ್ವರನೆಂಬ ಹೆಸರೂ ವಿಹಾರವೆಂಬ ಮಾತೂ ಬೌದ್ಧರವು. ಹಾಗಾದರೆ ಈ ಮೂರ್ತಿ ಯಾರದು? ವಿದ್ವಾಂಸರ ಚರ್ಚೆ ಇನ್ನೂ ನಿಂತಿಲ್ಲ. ಭಕ್ತರು ಮಾತ್ರ ಅದಕ್ಕೆ ಕಾಯದೆ ಕೈಮುಗಿಯುತ್ತ ಬಂದಿದ್ದಾರೆ. ದಕ್ಷಿಣ ಭಾರತದ ಅತ್ಯುತ್ತಮ ಕಂಚಿನ ಶಿಲ್ಪಗಳ ಸಾಲಿನಲ್ಲಿ ನಿಲ್ಲುವ ಈ ವಿಗ್ರಹವನ್ನು ಅವಸರದ ದರ್ಶನದಲ್ಲಿ ದಾಟಿಹೋಗಬಾರದು.

ಅಲ್ಲಿಂದ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ. ಇಟಲಿಯ ಆಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಿಂದ 1901ರವರೆಗೆ ಇದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳಿಗೆ ಅವರು ಬಳಸಿದ ಫ್ರೆಸ್ಕೊ ವಿಧಾನದಲ್ಲಿ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ತಪ್ಪಾದರೆ ತಿದ್ದುವುದು ಸುಲಭವಲ್ಲ, ಆ ಭಾಗವನ್ನು ಕೆರೆದು ಮತ್ತೆ ಗಾರೆ ಮೆತ್ತಬೇಕು. ಛಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸರ ಜೀವನದ ಘಟನೆಗಳಿವೆ. ಬೆಂಚಿನ ಮೇಲೆ ಸುಮ್ಮನೆ ಕುಳಿತು, ತಲೆಯೆತ್ತಿ ಒಂದೊಂದಾಗಿ ನೋಡಬೇಕು.

ಅದೇ ಕಾಲೇಜಿನ ಅಲೋಶಿಯಂ ಸಂಗ್ರಹಾಲಯದಲ್ಲಿ 1906ರ ಫ್ರೆಂಚ್ ಕಾರೊಂದಿದೆ. ಮಕ್ಕಳು ಅದರ ಮುಂದಿನಿಂದ ಕದಲುವುದೇ ಇಲ್ಲ.

ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಟ್ಟಡವೇ ಮೊದಲ ವಸ್ತು. ಹಡಗಿನ ಆಕಾರದ ಈ ಬಂಗಲೆ ಶಸ್ತ್ರವೈದ್ಯ ಕರ್ನಲ್ ಮಿರಾಜ್‌ಕರ್ ಅವರದಾಗಿತ್ತು. ತಾಯಿಯ ನೆನಪಿಗೆಂದು ಅವರು ಅದನ್ನು ತಮ್ಮ ಸಂಗ್ರಹದ ಸಮೇತ ಸರ್ಕಾರಕ್ಕೆ ಬಿಟ್ಟುಕೊಟ್ಟರು. 1960ರಲ್ಲಿ ಜನರಿಗೆ ತೆರೆದುಕೊಂಡಿತು. ಮೈಸೂರು ಅರಮನೆಗೆ ಪ್ರವಾಸ ಹೋಗಿಬಂದ ಊರಿನ ಮಕ್ಕಳೆಲ್ಲ ಇದನ್ನೂ ಒಮ್ಮೆ ನೋಡಲೇಬೇಕು.

ಬೋಳೂರಿನಲ್ಲಿ ಗುರುಪುರ ನದಿಯ ದಡದಲ್ಲಿರುವ ಸುಲ್ತಾನ್ ಬತ್ತೇರಿ ದೊಡ್ಡ ಕೋಟೆಯೇನಲ್ಲ. ಶತ್ರುಗಳ ಹಡಗು ನದಿಯೊಳಗೆ ನುಗ್ಗದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಮೆಟ್ಟಿಲು ಹತ್ತಿ ತೋಪಿನ ಕಿಂಡಿಯಲ್ಲಿ ಕಣ್ಣಿಟ್ಟರೆ ನದಿಯ ಹರಹು ಎದುರಿಗೇ ಕಾಣುತ್ತದೆ; ಬುರುಜು ಇಲ್ಲೇ ಯಾಕೆ ಎಂದು ಯಾರೂ ವಿವರಿಸಬೇಕಿಲ್ಲ. ಕೆಳಗೆ ಮದ್ದಿನ ಉಗ್ರಾಣವಿತ್ತು.

ಇನ್ನೊಂದು ಪರಂಪರೆಗೆ ಟಿಕೆಟ್ ಬೇಡ, ಸೂರಿನತ್ತ ನೋಡಿದರೆ ಸಾಕು. ಆ ಸೂರಿನ ಹಂಚಿನ ಕಥೆ ಶುರುವಾಗುವುದು ಅಚ್ಚುಕೂಟದಿಂದ. ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಅದನ್ನು ತೆರೆದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಊರಿನಲ್ಲಿ. ಅಚ್ಚುಕೂಟದ ಕೆಲಸಕ್ಕೆಂದು ಬಂದ ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್ ಈ ನೆಲದ ಜೇಡಿಮಣ್ಣಿನಲ್ಲಿ ಪ್ರಯೋಗ ನಡೆಸಿದರು. 1865ರಲ್ಲಿ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಒಂದು ಹಂಚಿನ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುವುದರಿಂದ ಮಳೆನೀರು ಒಳಗಿಳಿಯದೆ ಜಾರಿಹೋಗುತ್ತಿತ್ತು. ವರ್ಷವರ್ಷ ಮುಳಿಹುಲ್ಲು ಹೊದಿಸುತ್ತಿದ್ದ ಕರಾವಳಿಗೆ ಇದು ದೊಡ್ಡ ನೆಮ್ಮದಿ. ‘ಮಂಗಳೂರು ಹಂಚು’ ಇಲ್ಲಿಂದ ಹಡಗು ಹತ್ತಿ ಹೊರದೇಶಗಳಿಗೂ ಹೋಯಿತು.

ಈಗ ಹಳೆಯ ಮನೆಗಳನ್ನು ಕೆಡಹುವಾಗ ಆ ಹಂಚುಗಳು ಕಸದ ರಾಶಿ ಸೇರುತ್ತಿವೆ. ನಿಮ್ಮ ಮನೆಯ ಮಾಡಿನಿಂದ ಹಂಚು ಇಳಿಸುವ ಕಾಲ ಬಂದರೆ ಒಂದನ್ನಾದರೂ ತಿರುವಿ ನೋಡಿ. ಕಾರ್ಖಾನೆಯ ಹೆಸರು, ಇಸವಿ ಅಚ್ಚೊತ್ತಿದ್ದು ಕಂಡರೆ ಒಡೆಯದೆ ತೆಗೆದಿಡಿ, ಹತ್ತಿರದ ಶಾಲೆಗೋ ಸಂಗ್ರಹಾಲಯಕ್ಕೋ ಕೊಡಿ.